ಬಿಸಿಯಾದಾಗ ಮಾತ್ರ ಬರುವ ಬೇನೆ

ವೈದ್ಯರ ಮನೆಯ ಬಾಗಿಲು ತಟ್ಟುವ ಹೊತ್ತಿಗೆ ಹಲ್ಲುನೋವು ಮಾಯವಾಗುವುದನ್ನು ವಾಚಕರಲ್ಲಿ ಅನೇಕರು ಅನುಭವಿಸಿರಬಹುದು. ಯಂತ್ರಗಳಿಗೂ ಇಂಥ ಬೇನೆಯುಂಟು. ಸುದ್ದಗುಂಟೆಪಾಳ್ಯದ ನಮ್ಮ ಮನೆಯಲ್ಲಿ 1998ರಲ್ಲಿ ತಯಾರಾದ ಒಂದು ಕಾರು ಇದೆ. ಬೆಳಗ್ಗೆ ಜಯನಗರದವರೆಗೆ ಅದು ಒಂದು ಅಪಸ್ವರವೂ ಇಲ್ಲದೆ ಓಡುತ್ತಿತ್ತು. ಅಲ್ಲಿ ಕಾಲು ಗಂಟೆ ನಿಲ್ಲಿಸಿ ಮರಳಿ ಹೊರಟೆವೆಂದರೆ ಇದ್ದಕ್ಕಿದ್ದಂತೆ ಮುಗ್ಗರಿಸಿ, ಮರುಕ್ಷಣವೇ ಚೇತರಿಸಿಕೊಳ್ಳುತ್ತಿತ್ತು. ಗ್ಯಾರೇಜುಗಳ ಮಾತಿನಲ್ಲಿ ಇದಕ್ಕೆ ‘ಮಿಸ್ಸಿಂಗ್’ ಎಂದು ಹೆಸರು. ಒಂದು ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನು ಬದಲಾಯಿಸಿದರು; ಇನ್ನೊಂದರಲ್ಲಿ ತಂತಿಗಳನ್ನೂ ಪೆಟ್ರೋಲು ಸೋಸುಕವನ್ನೂ ಬದಲಾಯಿಸಿದರು. ಹಣ ಹೋಯಿತು, ಬೇನೆ ಹೋಗಲಿಲ್ಲ. ಒಂದು ಮಧ್ಯಾಹ್ನ ಡೈರಿ ಸರ್ಕಲ್ಲಿನ ಬಳಿ ಹೊಸೂರು ರಸ್ತೆಯ ನಡುವೆ ಇಂಜಿನು ಪೂರ್ತಿಯಾಗಿ ನಿಂತುಬಿಟ್ಟಿತು. ಹಿಂದಿನಿಂದ ಬಂದ ಬಸ್ಸು ಎರಡು ಮೊಳದ ಅಂತರದಲ್ಲಿ ನಿಂತಿತು. ಹಿಂದಿನ ಆಸನದಲ್ಲಿ ನಮ್ಮ ತಾಯಿಯವರು ಕುಳಿತಿದ್ದರು. ಊಹೆಯಿಂದ ಬಿಡಿಭಾಗಗಳನ್ನು ಬದಲಾಯಿಸುವ ಚಿಕಿತ್ಸೆ ಸಾಕೆಂದು ಅಂದೇ ನಿಶ್ಚಯಿಸಿದೆ.

ಇಂಜಿನಿನಲ್ಲಿ ಸಿಲಿಂಡರೊಂದು ತನ್ನ ಕೆಲಸವನ್ನು ಮಾಡಬೇಕಾದರೆ ಗಾಳಿ, ಪೆಟ್ರೋಲು, ಸಾಕಷ್ಟು ಒತ್ತಡ, ಸಕಾಲದಲ್ಲಿ ಒಂದು ಕಿಡಿ, ಇವಿಷ್ಟೂ ಕೂಡಿಬರಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರುಗಳ ಇಂಜಿನಿನಲ್ಲಿ ಇಂಥ ಕೂಟವು ಸೆಕೆಂಡಿಗೆ 100 ಬಾರಿ ಸೇರತಕ್ಕದ್ದು. ಹಿಂದೆ ಗಾಳಿಗೆ ಪೆಟ್ರೋಲನ್ನು ಬೆರೆಸುವ ಹೊಣೆ ಕಾರ್ಬ್ಯುರೇಟರಿನದಾಗಿತ್ತು. ಜರ್ಮನಿಯ ಬಾಷ್ ಸಂಸ್ಥೆ 1967ರಲ್ಲಿ ಎಲೆಕ್ಟ್ರಾನಿಕ್ ಮಂಡಲದಿಂದ ನಡೆಯುವ ಪೆಟ್ರೋಲು ಇಂಜೆಕ್ಷನ್ ಪದ್ಧತಿಯನ್ನು ಮಾರುಕಟ್ಟೆಗೆ ತಂದಿತು. ಇದರಲ್ಲಿ ಇಂಜೆಕ್ಟರು ಕೆಲವೇ ಮಿಲಿಸೆಕೆಂಡುಗಳ ಕಾಲ ತೆರೆದು ಪೆಟ್ರೋಲನ್ನು ಸಿಂಪಡಿಸುವುದು. (ಈ ಸಂಸ್ಥೆ ನಮ್ಮ ನೆರೆಯದೇ ಎನ್ನಬಹುದು. 1951ರಲ್ಲಿ ಸ್ಥಾಪಿತವಾದ ಅದರ ಭಾರತದ ಶಾಖೆಯೇ ಆಡುಗೋಡಿಯ ಮೈಕೋ. 2008ರಲ್ಲಿ ಕಂಪನಿಯ ಹೆಸರು ಬದಲಾಯಿತು; ಮೈಕೋ ಲೇಔಟಿನ ಹೆಸರು ಹಾಗೆಯೇ ಉಳಿಯಿತು.)

ಇಂಜೆಕ್ಷನ್ ಪದ್ಧತಿಯಲ್ಲಿ ಒಂದು ಪುಟ್ಟ ಗಣಕವು ಅಪ್ಪಣೆ ಕೊಡುವುದು. ಆದರೆ ಅದಕ್ಕೆ ಕಣ್ಣು ಕಿವಿಗಳೆಂದರೆ ಸೆನ್ಸರುಗಳು ಮಾತ್ರ. ಕೆಲವೊಮ್ಮೆ ಅವು ನಿಜವನ್ನೇ ಹೇಳಿದರೂ ಗಣಕವು ತಪ್ಪು ತಿಳಿಯುವುದುಂಟು. ಕಿಡಿ ತಪ್ಪಿದಾಗ ಉರಿಯದ ಆಮ್ಲಜನಕವು ಹೊಗೆಕೊಳವೆಗೆ ಹೋಗುತ್ತದಷ್ಟೆ. ಅಲ್ಲಿರುವ ಸೆನ್ಸರು ‘ಆಮ್ಲಜನಕ ಹೆಚ್ಚಾಗಿದೆ’ ಎನ್ನುವುದು. ಪೆಟ್ರೋಲು ಸಾಲದಾಗಿದೆಯೆಂದು ಭಾವಿಸಿ ಗಣಕವು ಇನ್ನಷ್ಟು ಸುರಿಯುವುದು! ಈ ವಾರ್ತೆಯನ್ನು ನಂಬಿದ ಪರೀಕ್ಷಕನು ದೋಷವಿಲ್ಲದ ಪೆಟ್ರೋಲು ಪಂಪನ್ನು ಕಳಚುತ್ತಾನೆ.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಮುಗ್ಗರಿಸುವುದು ಒಂದು ಸಿಲಿಂಡರೋ ಎಲ್ಲವೂ ಕೂಡಿಯೋ ಎಂಬುದನ್ನು ಮೊದಲು ತಿಳಿಯಬೇಕು. ಒಂದೇ ಆಗಿದ್ದರೆ ಹೊಗೆಕೊಳವೆಯ ಸದ್ದಿನಲ್ಲಿ ಕ್ರಮವಾದ ಕುಂಟು ಕೇಳಿಸುವುದು. ಅದೂ ಮೇಲ್ಸೇತುವೆಯನ್ನು ಹತ್ತುವಾಗ ಮಾತ್ರ ಕಂಡರೆ ಪ್ಲಗ್ಗಿನ ಕಡೆಗೆ ಸಂಶಯ ತಿರುಗಬೇಕು. ಏಕೆಂದರೆ ಭಾರ ಹೆಚ್ಚಾದಂತೆ ಸಿಲಿಂಡರಿನೊಳಗೆ ಒತ್ತಡವೇರುವುದು, ಒತ್ತಡದ ಅನಿಲವನ್ನು ಸೀಳಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜು ಬೇಕಾಗುವುದು. ನಮ್ಮ ಕಾರಿನಲ್ಲಿ ಹಾಗಿರಲಿಲ್ಲ. ಸಮತಟ್ಟಾದ ರಸ್ತೆಯಲ್ಲೇ ನಾಲ್ಕೂ ಒಟ್ಟಿಗೆ ಮೌನ ತಾಳುತ್ತಿದ್ದವು. ಅಂದಮೇಲೆ ದೋಷವು ನಾಲ್ಕಕ್ಕೂ ಸಾಮಾನ್ಯವಾದ ಯಾವುದೋ ಒಂದರಲ್ಲಿದೆ.

ನಮ್ಮ ಬೀದಿಯ ವೃದ್ಧ ಮೇಸ್ತ್ರಿಯವರು ಕಾರನ್ನು ಎರಡು ದಿನ ಓಡಿಸಿ, “ಮೇಷ್ಟ್ರೇ, ಗಾಡಿ ಚೆನ್ನಾಗೇ ಇದೆಯಲ್ಲ!” ಎಂದರು. “ಬೆಳಗ್ಗೆ ಬೇಡಿ ಯಜಮಾನರೇ, ಮಧ್ಯಾಹ್ನ ನಿಲ್ಲಿಸಿ ಹೊರಡೋಣ” ಎಂದೆ. ಮುಖ್ಯ ರಿಲೇಯಿಂದ ಹೊರಡುವ ತಂತಿಗೆ ಒಂದು ಸಣ್ಣ ಬಲ್ಬನ್ನು ಜೋಡಿಸಿ ಎದುರಿಗೆ ತೂಗುಹಾಕಿದೆವು; ಪೆಟ್ರೋಲಿನ ಕೊಳವೆಗೆ ಒತ್ತಡಮಾಪಕವನ್ನು ಸೇರಿಸಿದೆವು. ಬೇನೆ ಬಂದಾಗ ಬಲ್ಬು ಬೆಳಗುತ್ತಲೇ ಇತ್ತು. ಪೆಟ್ರೋಲಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 3 ಕಿಲೋಗ್ರಾಮಿನಲ್ಲೇ ನಿಂತಿತ್ತು. ಆದರೆ ಸುತ್ತುಗಳನ್ನು ತೋರಿಸುವ ಟ್ಯಾಕೋಮೀಟರಿನ ಮುಳ್ಳು ಒಮ್ಮೆಗೇ ಸೊನ್ನೆಗೆ ಬಿದ್ದಿತು! ಗೇರಿನಲ್ಲಿದ್ದ ಕಾರು ಉರುಳುತ್ತಿದ್ದುದರಿಂದ ಚಕ್ರಗಳೇ ಇಂಜಿನನ್ನು ತಿರುಗಿಸುತ್ತಿದ್ದವು. ಇಂಜಿನು ತಿರುಗುತ್ತಿರುವಾಗಲೇ ಮುಳ್ಳು ‘ತಿರುಗುತ್ತಿಲ್ಲ’ ಎನ್ನಬೇಕಾದರೆ, ತಿರುಗುವಿಕೆಯ ಸುದ್ದಿಯನ್ನು ತರುವವನೇ ಮೂರ್ಛೆ ಹೋಗಿರಬೇಕು.

ಆ ಸುದ್ದಿಗಾರನೆಂದರೆ ಕ್ರಾಂಕ್ ಸೆನ್ಸರು: ಒಂದು ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸುರುಳಿ. ಅದರೆದುರು ಹಲ್ಲುಗಳುಳ್ಳ ಉಕ್ಕಿನ ಚಕ್ರ ತಿರುಗುವುದು. ಪ್ರತಿಯೊಂದು ಹಲ್ಲು ಹಾದುಹೋದಾಗಲೂ ಫ್ಯಾರಡೆಯ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ ಪ್ರೇರಿತವಾಗುವುದು. ಅನೇಕ ಕಾರುಗಳಲ್ಲಿ 60 ಹಲ್ಲುಗಳಿಗೆ ಸ್ಥಳವಿದ್ದು, 2ನ್ನು ಬೇಕೆಂದೇ ಬಿಟ್ಟಿರುತ್ತಾರೆ. ಆ ಖಾಲಿ ಜಾಗದಿಂದ ಗಣಕವು ಲೆಕ್ಕ ಹಿಡಿದು, ಕಿಡಿಯನ್ನು ಯಾವಾಗ ಹಾರಿಸಬೇಕೆಂಬುದನ್ನು ನಿರ್ಧರಿಸುವುದು. ಸುದ್ದಿ ನಿಂತರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ.

ಸೆನ್ಸರನ್ನು ಕಳಚಿ ಅಳೆದಾಗ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 880 ಓಮ್ ಇತ್ತು. ಅದರಲ್ಲಿ ದೋಷವೇನೂ ಕಾಣದು. ಇಲ್ಲಿಯೇ ಅನೇಕರು ಮೋಸಹೋಗುವುದು. ಬೇನೆ ಬಿಸಿಯಲ್ಲಿ ಬರುವುದಾದರೆ ಪರೀಕ್ಷೆಯೂ ಬಿಸಿಯಲ್ಲಿಯೇ ಆಗಬೇಕು. ಮನೆಯಿಂದ ಹೇರ್ ಡ್ರೈಯರನ್ನು ತಂದು ಅದರ ಮೇಲೆ ಬಿಸಿಗಾಳಿ ಹಾಯಿಸಿದೆ. ತಾಮ್ರದ ರೋಧವು ಡಿಗ್ರಿಗೆ ಶೇಕಡ 0.39ರಷ್ಟು ಏರುವುದೆಂಬುದು ವಿದ್ಯಾರ್ಥಿಗಳಿಗೆ ತಿಳಿದದ್ದೇ. ಅಂಕಿ 900, 950, 1000 ಎಂದು ಮೆಲ್ಲಗೆ ಏರಿತು. 1050 ಮುಟ್ಟಿದೊಡನೆ ಅನಂತಕ್ಕೆ ಹಾರಿತು! ಏರಿಕೆ 170 ಓಮ್, ಎಂದರೆ ಸುಮಾರು 50 ಡಿಗ್ರಿ. ಸುರುಳಿಯು 75 ಡಿಗ್ರಿಯ ಹತ್ತಿರವಿದ್ದಾಗ ತಂತಿ ತುಂಡಾಯಿತೆಂದಾಯಿತು. ರೋಗಿಯೇ ಉಷ್ಣಮಾಪಕವೂ ಆದುದು ನನಗೆ ಬಹಳ ಸಂತೋಷ ಕೊಟ್ಟಿತು.

ಕಾರಣ ಹೀಗಿರಬೇಕು. ಸುರುಳಿಯನ್ನು ಮುಚ್ಚಿರುವ ರಾಳವು ತಾಮ್ರಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಹಿಗ್ಗುತ್ತದೆ. ವರ್ಷಗಟ್ಟಲೆ ಕಾದು ತಣಿದು ತಂತಿ ಎಲ್ಲೋ ಒಂದೆಡೆ ಬಿರಿದಿದೆ. ತಣ್ಣಗಿರುವಾಗ ಬಿರುಕಿನ ಎರಡು ತುದಿಗಳೂ ಕೂಡಿರುತ್ತವೆ. ಬಿಸಿಯಾದಾಗ ರಾಳವು ಅವನ್ನು ಎಳೆದು ಅಗಲಿಸುತ್ತದೆ. ಇನ್ನು ಕಾಲು ಗಂಟೆ ನಿಲ್ಲಿಸಿದ ಮೇಲೆಯೇ ಬೇನೆ ಬರುತ್ತಿದ್ದುದೇಕೆ? ಇಂಜಿನು ನಿಂತೊಡನೆ ನೀರಿನ ಪರಿಚಲನೆಯೂ ಗಾಳಿಯ ಬೀಸೂ ನಿಲ್ಲುತ್ತವೆ. ಒಳಗಿನ ಲೋಹದ ಕಾವು ಹೊರಕ್ಕೆ ಹರಿದು ಸುತ್ತಲಿನ ಭಾಗಗಳನ್ನು ಓಡುವಾಗಿಗಿಂತಲೂ ಹೆಚ್ಚು ಬಿಸಿಮಾಡುವುದು.

ಹೊಸ ಸೆನ್ಸರನ್ನು ಕೂರಿಸಲು ಮೇಸ್ತ್ರಿಯವರಿಗೆ ಹಿಡಿದದ್ದು ಇಪ್ಪತ್ತು ನಿಮಿಷ. ಆ ಬೇಸಗೆಯೆಲ್ಲ ಕಾರು ಒಮ್ಮೆಯೂ ಮುಗ್ಗರಿಸಲಿಲ್ಲ. ಹಳೆಯದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಟ್ಟಿದ್ದೇನೆ. ವಿದ್ಯಾರ್ಥಿಗಳು ಅಳೆದಾಗ, ತಣ್ಣಗಿದ್ದರೆ, ಅದು ಈಗಲೂ 880 ಓಮನ್ನೇ ತೋರಿಸುತ್ತದೆ.