ಬೇಸ್ ಗಿಟಾರ್ ಎತ್ತಿಡುವಾಗ ತಂತಿ ಪೂರ್ತಿ ಸಡಿಲಿಸಬೇಕೇ?

ಹೀಗೊಂದು ಸಲಹೆ ನೀವೂ ಕೇಳಿರಬಹುದು. ನಾವು ಹೇಳುವುದು: ಬೇಡ. ನಾಲ್ಕು ತಂತಿಗಳು ಸೇರಿ ಗಿಟಾರಿನ ಕತ್ತನ್ನು 70 ಕಿಲೋಗೂ ಹೆಚ್ಚು ಬಲದಿಂದ ಮುಂದಕ್ಕೆ ಎಳೆಯುತ್ತವೆ. ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಅದನ್ನು ತಡೆದು ಹಿಡಿಯುತ್ತದೆ. ತಂತಿ ಸಡಿಲಾದರೆ ಸರಳಿನದೇ ಮೇಲುಗೈ. ಕತ್ತು ಹಿಂದಕ್ಕೆ ಬಾಗಬಹುದು, ಆಗ ಮೊದಲ ಫ್ರೆಟ್‌ಗಳಲ್ಲಿ ತಂತಿ ಜುಯ್ಯೆನ್ನುತ್ತದೆ. ಮಳೆಗಾಲದ ತೇವಕ್ಕೂ ಮರ ಬಾಗುತ್ತದೆ, ಅದು ಬೇರೆ ಮಾತು.

ಹೊರತೆಗೆದ ಕೂಡಲೇ ಕೀಲಿ ತಿರುಗಿಸಬೇಡಿ. ಮೊದಲು ಶ್ರುತಿ ಮಾಡಿ ಒಂದು ದಿನ ಬಿಡಿ. ಎಷ್ಟೋ ಸಲ ಅಷ್ಟೇ ಸಾಕು. ಆಮೇಲೆ ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕತ್ತು ಮೈಗೆ ಸೇರುವಲ್ಲೂ ಒತ್ತಿ ಹಿಡಿದು, 8ನೇ ಫ್ರೆಟ್ ಬಳಿ ನೋಡಿ. ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿ.ಮೀ. ಸಂದಿದ್ದರೆ ಸರಿ. ಹೆಚ್ಚಿದ್ದರೆ ಸರಳಿನ ಕೀಲಿ ಬಲಕ್ಕೆ, ಸಂದೇ ಇಲ್ಲದಿದ್ದರೆ ಎಡಕ್ಕೆ, ಒಮ್ಮೆಗೆ ಕಾಲು ಸುತ್ತು ಮಾತ್ರ. ತಿರುಗಲು ಮೊಂಡು ಹಿಡಿದರೆ ರಿಪೇರಿಯವರ ಕೈಗೆ ಕೊಡಿ. ಸರಳು ತುಂಡಾದರೆ ಕತ್ತನ್ನೇ ಬದಲಿಸಬೇಕಾದೀತು.