ವಾರದ ರಜೆಯೂ ವೈದ್ಯರ ಸರದಿಯೂ

ಏಳು ದಿನಗಳಿಗೆ ಒಂದು ವಾರ, ಅದರಲ್ಲಿ ಒಂದು ದಿನ ವಿಶ್ರಾಂತಿ ಎಂಬುದು ಮನುಷ್ಯನು ತನ್ನ ಅನುಕೂಲಕ್ಕಾಗಿ ಮಾಡಿಕೊಂಡಿರುವ ಏರ್ಪಾಡು. ಬೀದರವು ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ ಕಚೇರಿಗಳಿಗೆ ಶುಕ್ರವಾರ ರಜೆಯಿದ್ದಿತು; ಈಗ ರವಿವಾರ. ರಜೆಯ ದಿನ ಬದಲಾದುದನ್ನು ಜ್ವರವಾಗಲಿ ಹೆರಿಗೆಯ ನೋವಾಗಲಿ ಗಮನಿಸಲಿಲ್ಲ. ಹೀಗಿರುವಾಗ ರಜೆಯ ದಿನ ವೈದ್ಯರು ದೊರೆಯಬೇಕೆ? ದೊರೆಯಬೇಕಾದರೆ ಅವರ ವಿಶ್ರಾಂತಿಯ ಗತಿಯೇನು?

ಮೊದಲನೆಯ ಪ್ರಶ್ನೆಗೆ ಒಂದು ಉದಾಹರಣೆಯೇ ಸಾಕು. ಔರಾದ ತಾಲೂಕಿನ ಹಳ್ಳಿಯೊಂದರಲ್ಲಿ ರವಿವಾರ ಮಧ್ಯಾಹ್ನ ಬಾಲಕನೊಬ್ಬನನ್ನು ನಾಯಿ ಕಚ್ಚಿತೆಂದು ಊಹಿಸೋಣ. ಮನೆಯವರು ಒಡನೆಯೇ ಗಾಯಕ್ಕೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಬಳಿಕ ಲಸಿಕೆ ಹಾಕಿಸಬೇಕು. ನಾಯಿಗೆ ರೇಬೀಸ್ ಇದ್ದರೆ ಅದರ ವೈರಾಣುಗಳು ಗಾಯದ ಬಳಿಯ ನರಗಳನ್ನು ಸೇರಿ ಮೆದುಳಿನತ್ತ ಸಾಗುತ್ತವೆ. ರೋಗದ ಲಕ್ಷಣಗಳು ತೋರಿದ ಮೇಲೆ ಸಾವು ಬಹುಮಟ್ಟಿಗೆ ನಿಶ್ಚಿತ. ಆದುದರಿಂದ ಅದಕ್ಕೆ ಮೊದಲೇ ದೇಹದಲ್ಲಿ ರೋಗನಿರೋಧಕ ಶಕ್ತಿ ಬೆಳೆಯಬೇಕು.

ನಮ್ಮ ದೇಶದಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯ ಕ್ರಮವೇನೆಂದರೆ, ಮೊದಲ ಚುಚ್ಚುಮದ್ದಿನ ದಿನವನ್ನು ಸೊನ್ನೆಯೆಂದು ಎಣಿಸಿ 0, 3, 7 ಮತ್ತು 28ನೆಯ ದಿನಗಳಂದು ಕೊಡುವುದು. 7 ಮತ್ತು 28 ಇವೆರಡೂ ಏಳರ ಗುಣಕಗಳು. ಆದಕಾರಣ ರವಿವಾರ ಲಸಿಕೆ ಆರಂಭಿಸಿದ ಬಾಲಕನ ನಾಲ್ಕು ಸರದಿಗಳಲ್ಲಿ ಮೂರು ರವಿವಾರವೇ ಬರುತ್ತವೆ! ಗುರುವಾರ ಆರಂಭಿಸಿದವನಿಗೂ ಎರಡನೆಯ ಸರದಿ ರವಿವಾರವೇ. ಬಾಗಿಲು ಮುಚ್ಚಿದೆಯೆಂದು ಇವನ್ನು ಮನಬಂದಂತೆ ಮುಂದೂಡುವುದು ಸಲ್ಲದು.

2012ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗಕ್ಕೆ ವಾರದಲ್ಲಿ ಆರು ದಿನ, ದಿನಕ್ಕೆ ಆರು ಗಂಟೆಯ ಕೆಲಸವನ್ನು ಸೂಚಿಸಿದ್ದವು. ತುರ್ತು ಸೇವೆ ಮಾತ್ರ ಹಗಲಿರುಳೂ ಇರತಕ್ಕದ್ದು. ವಾರಕ್ಕೆ 168 ಗಂಟೆಗಳು. ಹೊರರೋಗಿಗಳಿಗೆ ದೊರೆತವು 36. ಉಳಿದ 132 ಗಂಟೆಗಳಲ್ಲಿ ರೋಗಿಯು ತುರ್ತು ವಿಭಾಗವನ್ನೋ ಖಾಸಗಿ ವೈದ್ಯರನ್ನೋ ಅರಸಬೇಕು. ಬೀದರ ನಗರದವರಿಗೆ 2007ರಲ್ಲಿ ಸ್ಥಾಪನೆಯಾದ ವೈದ್ಯಕೀಯ ವಿಜ್ಞಾನ ಸಂಸ್ಥೆಯು ಊರಲ್ಲಿಯೇ ಉಂಟು. ಭಾಲ್ಕಿ, ಔರಾದಗಳಲ್ಲಿ ತಾಲೂಕು ಆಸ್ಪತ್ರೆಗಳಿದ್ದರೂ, ಅಲ್ಲಿ ಆಗದ ಚಿಕಿತ್ಸೆಗಾಗಿ ಬೀದರಕ್ಕೆ ಸುಮಾರು 40 ಕಿಲೋಮೀಟರು ಬರಬೇಕು.

ಹಾಗಾದರೆ ಇರುವ ವೈದ್ಯರೇ ಏಳು ದಿನವೂ ದುಡಿಯಲಿ ಎನ್ನಬಹುದೆ? ವಿಜ್ಞಾನವು ಇದನ್ನು ಒಪ್ಪುವುದಿಲ್ಲ. 17 ಗಂಟೆ ಎಚ್ಚರವಾಗಿದ್ದವನ ಕಾರ್ಯಶಕ್ತಿಯು ರಕ್ತದಲ್ಲಿ ಶೇಕಡಾ 0.05 ಮದ್ಯವಿರುವವನಷ್ಟೇ ಕುಗ್ಗುವುದೆಂದು ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದರು. ಅಮೆರಿಕದ ಬಾಸ್ಟನ್ನಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆಗೂ ಮೀರಿದ ಪಾಳಿಗಳಿದ್ದಾಗ ಕಿರಿಯ ವೈದ್ಯರಿಂದ ಗಂಭೀರ ತಪ್ಪುಗಳು ಸುಮಾರು ಶೇಕಡಾ 36ರಷ್ಟು ಹೆಚ್ಚಾಗಿ ಕಂಡುಬಂದವು. ದಣಿದ ವೈದ್ಯನು ರೋಗಿಗೂ ಅಪಾಯಕಾರಿ.

ಉತ್ತರವು ಸರಳ ಭಾಗಾಕಾರದಲ್ಲಿದೆ. ಒಬ್ಬರು ವಾರಕ್ಕೆ 48 ಗಂಟೆ ದುಡಿದರೆ 168 ಗಂಟೆಗಳಿಗೆ 3.5 ವೈದ್ಯರು ಬೇಕು. ರಜೆ, ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದರೆ ಒಂದೇ ಕುರ್ಚಿಯನ್ನು ಸದಾ ತುಂಬಿರಿಸಲು ಕನಿಷ್ಠ ನಾಲ್ವರು. ಒಬ್ಬರೇ ಇರುವ ಚಿಕಿತ್ಸಾಲಯಕ್ಕೆ ಇದು ಅಸಾಧ್ಯ. ಆದರೆ ಒಂದೂರಿನ ನಾಲ್ಕಾರು ಕುಟುಂಬ ವೈದ್ಯರು ರವಿವಾರಗಳನ್ನು ಸರದಿಯಂತೆ ಹಂಚಿಕೊಂಡರೆ ಪ್ರತಿಯೊಬ್ಬರಿಗೂ ತಿಂಗಳಿಗೆ ಒಂದೇ ರವಿವಾರ ಬಂದೀತು.

ಇದರ ಫಲವನ್ನೂ ಅಳೆದಿದ್ದಾರೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಪ್ರದೇಶದಲ್ಲಿ ಕೆಲವು ಕುಟುಂಬ ವೈದ್ಯರ ಚಿಕಿತ್ಸಾಲಯಗಳು ಸಂಜೆಗಳಲ್ಲಿಯೂ ವಾರಾಂತ್ಯದಲ್ಲಿಯೂ ತೆರೆದಾಗ, ಸಣ್ಣ ಕಾಯಿಲೆಗಳಿಗಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗುವವರು ಸುಮಾರು ಕಾಲುಭಾಗದಷ್ಟು ಕಡಿಮೆಯಾದರೆಂದು 2016ರ ವರದಿ ತಿಳಿಸಿತು. ಆದರೆ ತುರ್ತು ವಿಭಾಗದ ಒಟ್ಟು ರೋಗಿಗಳ ಸಂಖ್ಯೆಯಲ್ಲಿ ಸ್ಪಷ್ಟವಾದ ಇಳಿತ ಕಾಣಲಿಲ್ಲ. ಎಂದರೆ, ರವಿವಾರದ ಕುಟುಂಬ ವೈದ್ಯರು ಸಣ್ಣ ಕಾಯಿಲೆಗಳ ಭಾರವನ್ನು ಇಳಿಸಬಲ್ಲರು. ತುರ್ತು ಆಸ್ಪತ್ರೆಗೆ ಬದಲಾಗಲಾರರು. ಎರಡೂ ಬೇಕು.

ಅಂತಹ ಸರದಿಯ ಏರ್ಪಾಡು ಆಗುವವರೆಗೆ ನಾಯಿ ಕಚ್ಚಿದವರ ಮನೆಯಲ್ಲಿ ಓದುಬಲ್ಲವರು ಮಾಡಬಹುದಾದ ಕೆಲಸವೊಂದುಂಟು. ಮೊದಲ ಚುಚ್ಚುಮದ್ದಿನ ದಿನವೇ ನಾಲ್ಕು ತಾರೀಖುಗಳನ್ನೂ ವಾರಗಳನ್ನೂ ಬರೆದುಕೊಂಡು, ರವಿವಾರ ಬಿದ್ದ ಸರದಿಗೆ ಎಲ್ಲಿಗೆ ಬರಬೇಕೆಂದು ಅಲ್ಲಿಯೇ ಕೇಳಿ ತಿಳಿದುಕೊಳ್ಳಬೇಕು.