ಲೂಸ್ ಆದ ಬೇರಿಂಗ್‌ಗೆ ಅಂಟು: ಯಾವಾಗ ಹಿಡಿಯುತ್ತೆ, ಯಾವಾಗ ಕೈಕೊಡುತ್ತೆ?

ಮೋಟಾರ್ ರಿಪೇರಿ ಅಂಗಡಿಗಳಲ್ಲಿ ಇದನ್ನ ನೀವೂ ನೋಡಿರ್ತೀರಿ. ಪಂಪ್‌ಸೆಟ್ ಬಿಚ್ಚಿ, ಹೊಸ ಬೇರಿಂಗ್ ಹಾಕೋಕೆ ಹೋದರೆ ಬಿಗಿಯಾಗಿ ಕೂರಬೇಕಾದದ್ದು ಸಲೀಸಾಗಿ ಜಾರಿಬಿಡುತ್ತೆ. ಶಾಫ್ಟ್ ಸವೆದಿದೆ. ಆಗ ಸೆಂಟರ್ ಪಂಚ್ ಹಿಡಿದು ಶಾಫ್ಟ್ ಸುತ್ತ ಚುಕ್ಕಿ ಹೊಡೆದು, ಎದ್ದ ಉಬ್ಬುಗಳ ಮೇಲೆ ಬೇರಿಂಗ್ ಕೂರಿಸೋದು ಹಳೆಯ ಉಪಾಯ. ಆ ಉಬ್ಬುಗಳು ಬೇಗ ಚಪ್ಪಟೆಯಾಗುತ್ತವೆ. ಬೇರಿಂಗ್ ಮತ್ತೆ ಲೂಸ್, ಶಾಫ್ಟ್ ಇನ್ನಷ್ಟು ಸವೆತ, ರೈತ ಮತ್ತೆ ಅಂಗಡಿ ಮುಂದೆ.

ಇದಕ್ಕಿರುವ ಇನ್ನೊಂದು ದಾರಿ ಅನೇರೋಬಿಕ್ ಅಂಟು. ಅಂದರೆ ಗಾಳಿ ಸಿಗದಿದ್ದಾಗ ಗಟ್ಟಿಯಾಗುವ ಅಂಟು. ಆಮ್ಲಜನಕ ಇರುವವರೆಗೆ ಇದು ದ್ರವವಾಗೇ ಇರುತ್ತೆ. ಎರಡು ಲೋಹಗಳ ಸಂದಿಗೆ ಸೇರಿ ಗಾಳಿ ತಪ್ಪಿದ ಕೂಡಲೇ, ಕಬ್ಬಿಣದಂಥ ಲೋಹದ ಅಯಾನುಗಳ ಸಹಾಯದಿಂದ ಗಟ್ಟಿಯಾಗೋಕೆ ಶುರುಮಾಡುತ್ತೆ. ಬಾಟಲಿ ಪೂರ್ತಿ ತುಂಬಿಲ್ಲ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಒಳಗೆ ಗಾಳಿ ಇರಲಿ ಅಂತಲೇ ಜಾಗ ಬಿಟ್ಟಿರ್ತಾರೆ. 1953ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್ ಇಂಥ ಅಂಟನ್ನ ರೂಪಿಸಿದರು. ಅದೇ ಮುಂದೆ ಲಾಕ್‌ಟೈಟ್ ಆಯಿತು.

ಕೊಳ್ಳುವಾಗ ಒಂದು ಎಚ್ಚರ. ಬೋಲ್ಟ್‌ಗೆ ಹಾಕೋ ಥ್ರೆಡ್‌ಲಾಕರ್ ಬೇರೆ. ಬೇರಿಂಗ್, ಬುಷ್‌ಗೆ ರಿಟೇನಿಂಗ್ ಕಾಂಪೌಂಡ್ ಅಂತಲೇ ಕೇಳಿ.

ಮೊದಲು ಮೈಕ್ರೋಮೀಟರ್ ಹಿಡಿದು ಅಳೆಯಿರಿ. ವ್ಯಾಸದಲ್ಲಿ 0.1 ಮಿ.ಮೀ. ವ್ಯತ್ಯಾಸ ಇದ್ದರೆ ಸಾಮಾನ್ಯ ಬಗೆ ಸಾಕು. ಸವೆದ ಭಾಗಗಳಿಗಂತಲೇ ಬರುವ ದಪ್ಪ ಪೇಸ್ಟ್ ಸುಮಾರು 0.5 ಮಿ.ಮೀ.ವರೆಗೆ ತುಂಬುತ್ತೆ. ಆದರೆ ಸಂದಿ ಹೆಚ್ಚಿದಷ್ಟೂ ಬೇರಿಂಗ್ ಓರೆಯಾಗಿ ಕೂರಬಹುದು. ಅದಕ್ಕೂ ಮೀರಿ ಸವೆದಿದ್ದರೆ ವೆಲ್ಡ್ ತುಂಬಿಸಿ ಲೇತ್‌ಗೆ ಹಾಕೋದೇ ಸರಿ, ಅಂಟಿನ ಆಸೆ ಬಿಡಿ.

ಹೆಚ್ಚಿನವರು ಎಡವೋದು ಒರೆಸೋದರಲ್ಲಿ. ಸೀಮೆಎಣ್ಣೆ, ಡೀಸೆಲ್ ಎರಡೂ ಜಿಡ್ಡಿನ ಪದರ ಉಳಿಸುತ್ತವೆ, ಅದರ ಮೇಲೆ ಅಂಟು ಹಿಡಿಯಲ್ಲ. ಎಮರಿ ಕಾಗದದಿಂದ ತುಕ್ಕು ತೆಗೆದು, ಅಸಿಟೋನ್‌ನಿಂದ ಒರೆಸಿ, ಒಣಗಲು ಬಿಡಿ. ಸ್ಟೇನ್‌ಲೆಸ್ ಸ್ಟೀಲ್ ಆದರೆ ಅಂಟು ನಿಧಾನ, ಆ್ಯಕ್ಟಿವೇಟರ್ ಬೇಕಾಗಬಹುದು. ಶಾಫ್ಟ್ ಸುತ್ತ ಒಂದು ಉಂಗುರದಷ್ಟು ಅಂಟು ಹಚ್ಚಿ, ಬೇರಿಂಗನ್ನ ತಿರುಗಿಸುತ್ತಾ ತಳ್ಳಿ. ಗುಂಡುಗಳ ಕಡೆ ಒಂದು ಹನಿಯೂ ಹೋಗಬಾರದು. ಹೊರಗೆ ಉಕ್ಕಿದ್ದು ಹಸಿಯಾಗೇ ಇರುತ್ತೆ, ಅಲ್ಲಿ ಗಾಳಿ ಇದೆಯಲ್ಲ. ಅದನ್ನ ನೋಡಿ 'ಅಂಟು ಹಿಡಿದೇ ಇಲ್ಲ' ಅಂತ ಮತ್ತೆ ಕಿತ್ತವರಿದ್ದಾರೆ! ಒರೆಸಿಬಿಡಿ, ಅಷ್ಟೇ.

ಕೆಲವೇ ನಿಮಿಷಕ್ಕೆ ಬಿಗಿಯಾದ ಹಾಗೆ ಕಾಣುತ್ತೆ. ಪೂರ್ತಿ ಬಲ ಬರೋಕೆ ಸಾಮಾನ್ಯವಾಗಿ 24 ಗಂಟೆ ಬೇಕು. ಬೆಳೆ ಒಣಗ್ತಿರೋ ರೈತನಿಗೆ 'ನಾಳೆ ಬನ್ನಿ' ಅನ್ನೋದು ಕಷ್ಟ, ನಿಜ. ಆದರೆ ಇವತ್ತೇ ಓಡಿಸಿ ಕಿತ್ತುಕೊಂಡರೆ ಮತ್ತೊಂದು ದಿನ, ಮತ್ತೊಂದು ಬೇರಿಂಗ್ ಹೋಗುತ್ತೆ.

ಇನ್ನೊಂದು ಮಾತು. ಎರಡೂ ಬದಿಯ ಬೇರಿಂಗ್‌ಗಳ ಹೊರ ರಿಂಗ್‌ಗೆ ಅಂಟು ಹಾಕಬೇಡಿ. ಮೋಟಾರ್ ಬಿಸಿಯಾದಾಗ ಶಾಫ್ಟ್ ಸ್ವಲ್ಪ ಉದ್ದವಾಗುತ್ತೆ, ಒಂದು ಬದಿ ಸರಿಯೋಕೆ ಬಿಡಬೇಕು.

ಮುಂದೆ ಬಿಚ್ಚಬೇಕಾದಾಗ ಬರೀ ಪುಲ್ಲರ್‌ಗೆ ಬಗ್ಗದಿರಬಹುದು. ರೋಟರ್ ಹೊರಗೆ ತೆಗೆದು, ಗಾಳಿಯಾಡುವ ಕಡೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಬಿಸಿ ಇರುವಾಗಲೇ ಎಳೆಯಬೇಕು. ಆ ಬೇರಿಂಗ್ ಮತ್ತೆ ಬಳಕೆಗೆ ಬಾರದು. ಅದಕ್ಕೇ ಅಂಟು ಹಾಕಿದ ದಿನವೇ ಮೋಟಾರ್ ಬಾಡಿ ಮೇಲೆ ಪೇಂಟ್‌ನಲ್ಲಿ ಬರೆದಿಡಿ. ಮುಂದಿನ ಮೆಕ್ಯಾನಿಕ್ ಪುಲ್ಲರ್ ಮುರಿದುಕೊಳ್ಳೋದು ತಪ್ಪುತ್ತೆ.